ವಾಪಸ್ಸು ಬಂದ ಥಾನು

ಊರಿನ ಹೆಸರು ಶಿಲೆ.
ಹೆಸರಲ್ಲಷ್ಟೇ ಕಲ್ಲು; ಅದೂ ನಮ್ಮ ಕಿವಿಗೆ ಮಾತ್ರ.
ಕಪ್ಪು ಸಮುದ್ರದ ದಂಡೆಯ ಈ ಜನಕ್ಕೆ
ಶಿಲೆ ಅಂದರೆ ಬಟ್ಟೆ,
ತೆಳ್ಳಗೆ, ಬೆಳ್ಳಗೆ, ಮೈತುಂಬ ನಿರಿಗೆಯ ಹತ್ತಿಬಟ್ಟೆ.

ಅದರಲ್ಲಿ ಗುಟ್ಟೇನಿಲ್ಲ, ಅನ್ನುತ್ತಾಳೆ ಮುಜೆಯ್ಯೆನ್.
ಹಾಸಿನ ಒಂದೆಳೆಯ ಮೇಲೆ, ಇನ್ನೊಂದರ ಕೆಳಗೆ,
ಮತ್ತೆ ಮೇಲೆ, ಮತ್ತೆ ಕೆಳಗೆ.
ಹೂವಿಲ್ಲ, ಬಳ್ಳಿಯಿಲ್ಲ, ಜರಿಯಂತೂ ಇಲ್ಲವೇ ಇಲ್ಲ.
ಎರಡರ ತನಕ ಎಣಿಸಲು ಬಂದರೆ ಸಾಕು,
ಮೂರು ಬೇಡ.
ಹೊಕ್ಕಿನ ನೂಲಿಗೆ ಮಾತ್ರ ಹುರಿ ಜಾಸ್ತಿ,
ಸಿಟ್ಟು ನುಂಗಿಕೊಂಡ ಅತ್ತಿಗೆಯ ಹಾಗೆ;
ಹಿಟ್ಟಿನ ಗಂಜಿ ಕುಡಿಸಿ ಸುಮ್ಮನಾಗಿಸಿರುತ್ತಾರೆ.
ಮಗ್ಗದ ಮೇಲೆ ಇರುವಷ್ಟು ದಿನ ಚಪ್ಪಟೆ, ಸಾಧು.
ಉಪ್ಪುನೀರಿಗೆ ಬಿದ್ದದ್ದೇ ತಡ, ಗಂಜಿ ಬಿಟ್ಟು
ಒಳಗಿನದೆಲ್ಲ ಹೊರಗೆ: ಸುರುಟಿ, ಮುದುರಿ,
ಮುದುಕಿಯ ಕತ್ತಿನ ಹಾಗೆ.
ಆಮೇಲೆ ಯಾವ ಇಸ್ತ್ರಿಪೆಟ್ಟಿಗೆಯ ಮಾತನ್ನೂ ಅದು ಕೇಳುವುದಿಲ್ಲ.

ಬೇಸಿಗೆಯ ಬೆಳಿಗ್ಗೆ ಹೆಂಗಸರು ನೀರಿಗೆ ಇಳಿಯುತ್ತಾರೆ.
ಮೊಣಕಾಲ ಮಟ್ಟ ಸಮುದ್ರ, ಬಾಯಿತುಂಬ ಊರ ಸುದ್ದಿ.
ತೊಳೆದದ್ದನ್ನು ಮರಳ ಮೇಲೆ ಹಾಸುತ್ತಾರೆ,
ಅಂಚಿಗೆ ಅಂಗೈಯಗಲದ ಕಲ್ಲು
(ಕೊನೆಗೂ ಒಂದು ಶಿಲೆ ಕೆಲಸಕ್ಕೆ ಬಂತು).
ಒಣಗುವ ತನಕ ನಾಯಿ ಓಡಿಸುವುದು ಮಕ್ಕಳ ಪಾಲು.

ಆ ವರ್ಷ ಇಸ್ತಾಂಬುಲಿನ ವ್ಯಾಪಾರಿಗೆ
ನಲವತ್ತು ಥಾನು ಹೋದವು.
ಮೂವತ್ತೊಂಬತ್ತಕ್ಕೆ ದುಡ್ಡು ಬಂತು.
ಒಂದಕ್ಕೆ ಅದೇ ಬಂತು,
ಜೊತೆಗೊಂದು ಚೀಟಿ: ಹನ್ನೊಂದನೆಯ ಮೊಳದಲ್ಲಿ
ಹೊಕ್ಕು ತಪ್ಪಿದೆ. ಬೆರಳು ತೂರುತ್ತದೆ.

ನಿಜ, ತೂರುತ್ತದೆ. ಮುಜೆಯ್ಯೆನ್ ತೂರಿಸಿ ನೋಡಿದಳು. ಕಿರುಬೆರಳು.

ಅಲ್ಲಿ ಕೈ ಯಾಕೆ ನಿಂತಿತು?
ಸೊಸೆ ಪೆರಿಹಾನ್ ಕೇಳಿದರೆ ಬೆಕ್ಕು ಅನ್ನುತ್ತಾಳೆ:
ಲಾಳಿಯ ಬೆನ್ನಿಗೇ ಹಾರಿತ್ತಂತೆ.
ಪಕ್ಕದ ಮನೆಯ ಹಾಜೆರ್ ಕೇಳಿದರೆ, ಒಲೆಯ ಮೇಲಿನ ಹಾಲು.
ಒಮ್ಮೆ ಮಾತ್ರ, ಯಾರೂ ಏನೂ ಕೇಳದೆ ಇದ್ದಾಗ,
ದೋಣಿಗಳು ಬರುವ ಹೊತ್ತಾಗಿತ್ತು, ಅಂದಳು,
ಎಣಿಸುತ್ತಾ ಇದ್ದೆ.
ಎಷ್ಟು ಬಂದವು ಎಂದು ಹೇಳಲಿಲ್ಲ.

ವಾಪಸ್ಸು ಬಂದದ್ದನ್ನು ಏನು ಮಾಡುವುದು?
ಮಗ್ಗ ಚಿಕ್ಕದು, ಅರೆಗಜದ ಪನ್ನ;
ಮೂರು ಪಟ್ಟಿ ಕೂಡಿಸಿ ಹೊಲಿದರೆ ಒಂದು ಮಂಚಕ್ಕೆ ಮೇಲುಹಾಸು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು
ಯಾರಾದರೂ ಇವಳಿಗೆ ಹೇಳಬೇಕು, ನಕ್ಕುಬಿಟ್ಟಾಳು:
ಕಾಲು ಉದ್ದವಾದರೆ ಇನ್ನೊಂದು ಪಟ್ಟಿ ಸೇರಿಸು ಮಾರಾಯ್ತಿ!
ಉಳಿದದ್ದರಲ್ಲಿ ಕಿಟಕಿಗೆ ಪರದೆ. ಬೆಳಕು ಒಳಗೆ ಬರಲಿ,
ಹಾಜೆರಳ ಕಣ್ಣು ಹೊರಗಿರಲಿ.
ಮೇಜಿಗೊಂದು ಹೊದಿಕೆ, ಅಂಚಿಗೆ ಸೂಜಿಯ ಜಾಲರಿ.
ಬಿಸಿ ರೊಟ್ಟಿ ಸುತ್ತುವ ಚೌಕ, ಹಮಾಮಿಗೆ ಹೊರಡುವ ಗಂಟು.
ಪೆರಿಹಾನಳ ಕೂಸಿಗೆ ಆರು ತುಂಡು;
ಆ ಆರರ ಲೆಕ್ಕ ಮಾತ್ರ ಕೇಳಬೇಡಿ,
ಒಣಗುವ ಮೊದಲೇ ಒದ್ದೆ.

ಹಾಗೆ ನೋಡಿದರೆ ಈ ಬೀದಿಯ ಮನೆಮನೆಯಲ್ಲೂ
ಇರುವುದು ವಾಪಸ್ಸು ಬಂದದ್ದೇ.
ತಪ್ಪಿಲ್ಲದ ಬಟ್ಟೆಯ ಮೇಲೆ ಯಾರೋ ಮಲಗಿದ್ದಾರೆ,
ಇಸ್ತಾಂಬುಲಿನ ಯಾವುದೋ ಹೋಟೆಲಿನಲ್ಲಿ, ಒಂದೇ ರಾತ್ರಿಗೆ.
ನೇಯ್ದವರು ಮಲಗುವುದು ತಮ್ಮ ತಪ್ಪುಗಳ ಮೇಲೆ.
ಒಗೆದಷ್ಟೂ ಅವು ಮೆತ್ತಗಾಗುತ್ತವೆ, ಅದೊಂದು ಅನುಕೂಲ.

ಹನ್ನೊಂದನೆಯ ಮೊಳವನ್ನು ಕಟ್ಟಕಡೆಗೆ ಕತ್ತರಿಸಿದಳು.
ರಫೂ ಮಾಡಲಿಲ್ಲ. ಕೇಳಿದವರಿಗೆ ಕಾರಣವನ್ನೂ ಹೇಳಲಿಲ್ಲ.
ಈಗ ಅದು ಅಡುಗೆಮನೆಯ ಮೊಳೆಗೆ ತೂಗುತ್ತದೆ,
ಒಳಗೆ ರಾತ್ರಿಯ ಮೊಸರು, ಕೆಳಗೆ ತಾಮ್ರದ ಬೋಗುಣಿ.
ಬಟ್ಟೆಯ ಮೈಯೆಲ್ಲ ನೀರು ಜಿನುಗುತ್ತದೆ, ಬೆವರಿನ ಹಾಗೆ,
ಸದ್ದಿಲ್ಲದೆ.
ಆ ಒಂದು ಗೆರೆಯಿಂದ ಮಾತ್ರ
ತುಂಬಿಕೊಂಡ ಹನಿ, ತಾಮ್ರಕ್ಕೆ ತಟ್ಟುವ ಹನಿ.

ದೀಪ ಆರಿಸಿದ ಮೇಲೆ ಮುಜೆಯ್ಯೆನ್
ಗೋಡೆಯ ಕಡೆ ಹೊರಳಿ ಎಣಿಸುತ್ತಾಳೆ:
ಒಂದು.
ಎರಡು.

ಆಮೇಲೆ ಬೆಕ್ಕು.